ಆ ಬ್ಲ್ಯಾಕ್ ನೈಟ್ ಯಾಕೆ ವಾಪಸ್ ಬರಲ್ಲ?

ಇವತ್ತಿನ ಎಪಿಸೋಡ್ ಒಬ್ಬ ಶತ್ರುವಿನ ಬಗ್ಗೆ. ಅವನು ಬಾಸ್ ಅಲ್ಲ, ಕಥೆಯ ವಿಲನ್ ಕೂಡ ಅಲ್ಲ. ಅವನಿಗೆ ಹೆಸರಿಲ್ಲ, ಮಾತಿಲ್ಲ, ಮುಖವೂ ಕಾಣಲ್ಲ. ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ, ಅದೂ ಸೀದು ಕರಕಲಾದ ಬಾಣಲೆ ಥರ ಕಪ್ಪು. 'ಡಾರ್ಕ್ ಸೋಲ್ಸ್' ಆಡಿದವರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ಹೌದು, ಬ್ಲ್ಯಾಕ್ ನೈಟ್.

ಒಂದು ಎಚ್ಚರಿಕೆ: ಮುಂದೆ ಗೇಮಿನ ಕೊನೆ ಭಾಗದ ವಿಷಯ ಬರುತ್ತೆ. ಆಡೋ ಪ್ಲ್ಯಾನ್ ಇದ್ದರೆ ಇದನ್ನ ಆಮೇಲೆ ಕೇಳಿ.

ಆಡದವರಿಗೆ ಮೊದಲು ಒಂದೆರಡು ಮಾತು. ಡಾರ್ಕ್ ಸೋಲ್ಸ್ 2011ರಲ್ಲಿ ಬಂದ ಗೇಮ್. ಮಾಡಿದ್ದು ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕರು ಹಿದೆತಾಕಾ ಮಿಯಾಜಾಕಿ. ತುಂಬಾ ಕಷ್ಟದ ಗೇಮ್ ಅಂತಲೇ ಅದಕ್ಕೆ ಹೆಸರು. ದಾರಿಯಲ್ಲಿ ಅಲ್ಲಲ್ಲಿ ಬಾನ್‌ಫೈರ್ ಅಂತ ಒಂದೊಂದು ಬೆಂಕಿ ಇರುತ್ತೆ. ಅಲ್ಲಿ ಕೂತರೆ ನಿಮ್ಮ ಆರೋಗ್ಯ ತುಂಬುತ್ತೆ. ಆದ್ರೆ ನೀವು ಕೊಂದ ಶತ್ರುಗಳೂ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತಿರ್ತಾರೆ. ನೀವು ಸತ್ತರೂ ಅಷ್ಟೇ, ಎಲ್ಲರೂ ವಾಪಸ್. ಈ ನಿಯಮ ನೆನಪಿಟ್ಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ನಾನು ಬ್ಲ್ಯಾಕ್ ನೈಟ್‌ನ ಮೊದಲು ನೋಡಿದ್ದು ಅನ್‌ಡೆಡ್ ಬರ್ಗ್ ಅನ್ನೋ ಹಾಳು ಊರಲ್ಲಿ. ಅದು ಆಟದ ಶುರುವಿನ ಜಾಗ. ಮುಖ್ಯ ದಾರಿ ಬಿಟ್ಟು ಪಕ್ಕಕ್ಕೆ ಇಳಿದರೆ ಒಂದು ಇಕ್ಕಟ್ಟಾದ ಓಣಿ, ಅಲ್ಲಿ ಅವನು. ಅಲ್ಲಿವರೆಗೆ ಎದುರಾಗಿದ್ದವರು ಹರಕು ಬಟ್ಟೆಯ, ಮುರುಕು ಕತ್ತಿಯ ಬಡಪಾಯಿಗಳು. ಇವನು ಎರಡೇ ಏಟಿಗೆ ನನ್ನನ್ನ ಮಲಗಿಸಿಬಿಟ್ಟ. ಒಂದು ವಾರಾಂತ್ಯ ಪೂರ್ತಿ ಆ ಓಣಿಯಲ್ಲೇ ಸತ್ತೆ.

ಆಮೇಲೆ ಗೊತ್ತಾಯ್ತು, ಅವನನ್ನ ಸೋಲಿಸಲೇಬೇಕು ಅಂತ ಏನೂ ಇಲ್ಲ. ಅಲ್ಲಿ ಇರೋದು ಒಂದು ಉಂಗುರ, ಅಷ್ಟೇ. ಕಥೆ ಮುಂದೆ ಹೋಗೋಕೆ ಅದು ಬೇಡ. ಅಲ್ಲಿವರೆಗೆ ನಾನು ಆಡಿದ್ದ ಗೇಮುಗಳಲ್ಲಿ ಎದುರಿಗೆ ಬಂದವನನ್ನ ಹೊಡೆದೇ ಮುಂದೆ ಹೋಗಬೇಕಿತ್ತು. ಇಲ್ಲಿ 'ಇವತ್ತು ಆಗಲ್ಲ, ನಾಳೆ ಬರ್ತೀನಿ' ಅಂತ ತಿರುಗಿ ಹೋಗಬಹುದು. ಬ್ಲ್ಯಾಕ್ ನೈಟ್ ಕಲಿಸೋ ಮೊದಲ ಪಾಠ ಇದು.

ಎರಡನೇ ಪಾಠ ತಾಳ್ಮೆ. ಅವನ ಕತ್ತಿ ಮೇಲೆದ್ದ ಮೇಲೆ ಬೀಳೋಕೆ ಒಂದು ಕ್ಷಣ ಹಿಡಿಯುತ್ತೆ. ಆ ಕ್ಷಣ ನೋಡಿ ಗುರಾಣಿಯಿಂದ ಏಟನ್ನ ಪಕ್ಕಕ್ಕೆ ತಳ್ಳಿದರೆ ಅವನು ತತ್ತರಿಸ್ತಾನೆ. ಆಗ ನಿಮ್ಮ ಸರದಿ. ಇದಕ್ಕೆ ಪ್ಯಾರಿ ಅಂತಾರೆ. ಗಾಬರಿಯಲ್ಲಿ ಬಟನ್ ಒತ್ತಿದರೆ ಸತ್ತೇ ಹೋಗ್ತೀರಿ, ಕಾಯ್ದು ಒತ್ತಿದರೆ ಗೆಲ್ತೀರಿ.

ಕೊನೆಗೂ ಗೆದ್ದೆ. ಬ್ಲ್ಯಾಕ್ ನೈಟ್ ಬಿದ್ದಾಗ ಅದೃಷ್ಟ ಇದ್ದರೆ ಅವನ ಆಯುಧ ನಮಗೆ ಸಿಗುತ್ತೆ. ನನಗೆ ಸಿಗಲಿಲ್ಲ. ಪರವಾಗಿಲ್ಲ, ಮತ್ತೆ ಬರ್ತಾನಲ್ಲ, ಇನ್ನೊಂದು ಸಲ ಹೊಡೆದರಾಯ್ತು ಅಂದ್ಕೊಂಡು ಬಾನ್‌ಫೈರ್‌ಗೆ ಹೋಗಿ ಕೂತೆ. ಎದ್ದು ಓಡಿ ಬಂದೆ.

ಓಣಿ ಖಾಲಿ.

ಮತ್ತೆ ಹೋಗಿ ಕೂತು ಬಂದೆ. ಆಗಲೂ ಖಾಲಿ. ಹರಕು ಬಟ್ಟೆಯವರೆಲ್ಲ ಎದ್ದು ಬಂದಿದ್ದರು, ಇವನೊಬ್ಬ ಬರಲಿಲ್ಲ. ಲೋಕವಿಡೀ ಸತ್ತವರು ಎದ್ದು ಬರೋ ಗೇಮಿನಲ್ಲಿ ದಾರಿಯಲ್ಲಿ ಸಿಗೋ ಬ್ಲ್ಯಾಕ್ ನೈಟ್‌ಗಳಿಗೆ ಸಾವು ಒಂದೇ ಸಲ. ಡಾರ್ಕ್‌ರೂಟ್ ಬೇಸಿನ್‌ನಲ್ಲಿ ಉದ್ದ ಹಿಡಿಯ ಹ್ಯಾಲ್ಬರ್ಡ್ ಹಿಡಿದವನೊಬ್ಬ, ಕ್ಯಾಟಕೂಂಬ್ಸ್‌ನಲ್ಲಿ ದೊಡ್ಡ ಕೊಡಲಿ ಹಿಡಿದವನೊಬ್ಬ. ಹೀಗೆ ಅಲ್ಲೊಬ್ಬ ಇಲ್ಲೊಬ್ಬ. ಕೊಂದರೆ ಲೆಕ್ಕದಲ್ಲಿ ಒಬ್ಬ ಕಡಿಮೆ.

ಯಾಕೆ ಹೀಗೆ? ಗೇಮ್ ನೇರವಾಗಿ ಹೇಳಲ್ಲ. ಅವರ ಕವಚ, ಆಯುಧ ಸಿಕ್ಕಿದರೆ ಅದರ ಕೆಳಗೆ ಎರಡು ಮೂರು ಸಾಲು ಬರೆದಿರುತ್ತೆ. ಅದನ್ನ ಓದಿ ಜೋಡಿಸಿಕೊಳ್ಳಬೇಕು. ಮಿಯಾಜಾಕಿ ಚಿಕ್ಕವರಿದ್ದಾಗ ತಮ್ಮ ಓದಿಗೆ ಮೀರಿದ ಪುಸ್ತಕಗಳನ್ನ ಓದ್ತಿದ್ದರಂತೆ, ಅರ್ಥ ಆಗದ ಕಡೆ ಕಲ್ಪನೆಯಿಂದ ತುಂಬಿಕೊಳ್ತಿದ್ದರಂತೆ. ಸಂದರ್ಶನಗಳಲ್ಲಿ ಅವರೇ ಹೇಳಿದ್ದಾರೆ. ಅವರ ಗೇಮುಗಳನ್ನ ನಾವು ಓದೋದೂ ಹಾಗೇ.

ಜೋಡಿಸಿದರೆ ಸಿಗೋ ಕಥೆ ಇಷ್ಟು. ಇವರು ಗ್ವಿನ್ ಅನ್ನೋ ದೊರೆಯ ಸೈನಿಕರು. ಲೋಕಕ್ಕೆ ಬೆಳಕು ಕೊಡ್ತಿದ್ದ ಮೊದಲ ಬೆಂಕಿ ಆರೋಕೆ ಶುರುವಾದಾಗ, ಅದನ್ನ ಉಳಿಸೋಕೆ ಗ್ವಿನ್ ತನ್ನನ್ನೇ ಸೌದೆ ಮಾಡಿಕೊಂಡ. ಸೈನಿಕರಲ್ಲಿ ಕೆಲವರು ಅರಮನೆಯ ಊರು ಆನರ್ ಲಾಂಡೋ ಕಾಯೋಕೆ ಉಳಿದರು. ಅವರೇ ಸಿಲ್ವರ್ ನೈಟ್‌ಗಳು, ಅವರ ಕವಚ ಇವತ್ತಿಗೂ ಬೆಳ್ಳಿ ಬಣ್ಣ. ಉಳಿದವರು ದೊರೆಯ ಹಿಂದೆ ಹೋದರು, ಆ ಹೊಸ ಬೆಂಕಿಯಲ್ಲಿ ಸುಟ್ಟು ಬೂದಿಯಾದರು. ಆಮೇಲೆ ದೇಹವಿಲ್ಲದ ನೆರಳುಗಳಾಗಿ ಲೋಕ ಸುತ್ತುತ್ತಿದ್ದಾರೆ. ಇಬ್ಬರ ಕವಚವೂ ಒಂದನ್ನೊಂದು ಹೋಲುತ್ತೆ, ಬಣ್ಣ ಬೇರೆ. ಆ ಕಪ್ಪು ಬಳಿದ ಬಣ್ಣ ಅಲ್ಲ, ಸುಟ್ಟ ಗುರುತು.

ಈಗ ಒಂದು ವಿಷಯ ಗಮನಿಸಿ. ಮನೆಯಲ್ಲಿ ಉಳಿದ ಸಿಲ್ವರ್ ನೈಟ್‌ಗಳು ಕೊಂದರೂ ವಾಪಸ್ ಬರ್ತಾರೆ. ದೊರೆಯ ಜೊತೆ ಹೋದವರು ಬರಲ್ಲ.

ಆದ್ರೆ ಒಂದು ಜಾಗದಲ್ಲಿ ಬರ್ತಾರೆ. ಆಟದ ಕೊನೆಯ ಜಾಗ, ಮೊದಲ ಬೆಂಕಿಯ ಕುಲುಮೆ. ಅದರ ಕಡೆ ಇಳಿಯುವಾಗ ಬ್ಲ್ಯಾಕ್ ನೈಟ್‌ಗಳ ನೆರಳು ಮಿಂಚಿ ಮಾಯವಾಗುತ್ತೆ. ಮುಂದೆ ಬೂದಿಯ ಬಯಲು. ಅಲ್ಲಿ ನಿಂತಿರೋ ಬ್ಲ್ಯಾಕ್ ನೈಟ್‌ಗಳು ಮಾತ್ರ ಎಷ್ಟು ಸಲ ಕೊಂದರೂ ವಾಪಸ್ ಬರ್ತಾರೆ. ತಾವು ಸುಟ್ಟುಹೋದ ಜಾಗದಲ್ಲಿ ಇವರು ಇನ್ನೂ ಕಾವಲು ಕಾಯ್ತಿದ್ದಾರೆ. ಯಾರೂ ಬಾಯಿಬಿಟ್ಟು ಹೇಳದ ಕಥೆಯನ್ನ 'ಯಾರು ವಾಪಸ್ ಬರ್ತಾರೆ, ಯಾರು ಬರಲ್ಲ' ಅನ್ನೋ ನಿಯಮವೇ ಹೇಳಿಬಿಡುತ್ತೆ. ನಾನು ಓದೋದು ಹಾಗೆ.

ಬಯಲು ದಾಟಿದರೆ ಕೊನೆಯ ಬಾಸ್ ಗ್ವಿನ್. ದೇವರಂಥ ದೊರೆ ಅಲ್ಲ, ಕೂದಲು ಕೆದರಿದ ಸೊರಗಿದ ಮುದುಕ. ಯುದ್ಧದ ಅಬ್ಬರದ ಸಂಗೀತದ ಬದಲು ಮೆಲ್ಲಗೆ ಪಿಯಾನೋ. ಅವನ ಏಟನ್ನೂ ಪ್ಯಾರಿ ಮಾಡಬಹುದು. ಓಣಿಯಲ್ಲಿ ಅವನ ಸೈನಿಕನಿಂದ ಕಲಿತ ವಿದ್ಯೆಯಿಂದಲೇ ನಾನು ದೊರೆಯನ್ನ ಕೊಂದೆ. ಗೆದ್ದ ಖುಷಿ ಎಷ್ಟಿತ್ತೋ, ಹೊಟ್ಟೆಯಲ್ಲಿ ಸಂಕಟವೂ ಅಷ್ಟೇ ಇತ್ತು.

2016ರ ಡಾರ್ಕ್ ಸೋಲ್ಸ್ 3ರಲ್ಲೂ ಇವರು ಸಿಗ್ತಾರೆ. ಒಂದು ಕತ್ತಲ ಸ್ಮಶಾನದಲ್ಲಿ ಅವರನ್ನ ನೋಡಿದಾಗ ನಾನು ತಕ್ಷಣ ಕತ್ತಿ ಎತ್ತಲಿಲ್ಲ. 2022ರ 'ಎಲ್ಡನ್ ರಿಂಗ್'ನಲ್ಲಿ ಈ ಜಾಗಕ್ಕೆ ಕ್ರೂಸಿಬಲ್ ನೈಟ್ ಬಂದಿದ್ದಾನೆ. ಅವನೂ ಹಳೆಯ ದೊರೆಯೊಬ್ಬನ ಸೈನಿಕ. ಅವನೂ ಆಟದ ಶುರುವಿನಲ್ಲೇ ಎದುರಾಗಿ ಚೆನ್ನಾಗಿ ಬಾರಿಸ್ತಾನೆ. ಸಾಕಾದರೆ ಬಿಟ್ಟು ಹೋಗಿ ಬಲಿತು ಬರಬಹುದು.

ನೀವು ಈಗಷ್ಟೇ ಶುರು ಮಾಡಿ ಅದೇ ಓಣಿಯಲ್ಲಿ ಸಾಯ್ತಿದ್ದರೆ ಒಂದೇ ಮಾತು: ಬೇಕಾದಷ್ಟು ಸಲ ಸೋಲಿ, ಅವಸರ ಬೇಡ. ಆದ್ರೆ ಗೆಲ್ಲೋದು ಒಂದೇ ಸಲ. ಗೆದ್ದ ಮೇಲೆ ಒಮ್ಮೆ ವಾಪಸ್ ಹೋಗಿ ಆ ಖಾಲಿ ಓಣಿ ನೋಡಿ ಬನ್ನಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.