ಮೂರು ತಿಂಗಳ ‘ಕೋರ್ಸ್’ ಎಂಬ ಭ್ರಮೆ

“ಮದುವೆಗೆ ಇನ್ನು ಮೂರು ತಿಂಗಳಿದೆ, ತೂಕ ಇಳಿಸೋ ಇಂಜೆಕ್ಷನ್ ಒಂದು ಕೋರ್ಸ್ ಕೊಡಿ ಸಾರ್.” ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಮೆಡಿಕಲ್ ಶಾಪಿನ ಮುಂದೆ ನಿಂತರೂ ಈಗ ಈ ಮಾತು ಕಿವಿಗೆ ಬೀಳಬಹುದು. ಬರೀ ಮಾತ್ರೆ ಕೊಟ್ಟರೆ “ಸೂಜಿ ಹಾಕಲೇ ಇಲ್ಲ” ಎಂದು ಡಾಕ್ಟರ ಮೇಲೆ ಮುನಿಯುವ ಜನ ನಾವು. ಸೂಜಿಯಲ್ಲೇ ಬಂದ ಔಷಧ ಮೂರು ತಿಂಗಳಲ್ಲಿ ಕೆಲಸ ಮುಗಿಸಿಬಿಡುತ್ತದೆ ಎಂಬ ನಂಬಿಕೆ ಹಬ್ಬಲು ಎಷ್ಟು ಹೊತ್ತು ಬೇಕು? ಆದರೆ ಈ ‘ಕೋರ್ಸ್’ ಎಂಬುದೇ ಬುಡದಿಂದ ತಪ್ಪು.

ಲೆಕ್ಕ ಹಾಕಿ ನೋಡಿ. ವೆಗೋವಿ ಎಂಬ ಹೆಸರಲ್ಲಿ ಸಿಗುವ ಸೆಮಾಗ್ಲುಟೈಡ್ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧ. ಮೊದಲ ನಾಲ್ಕು ವಾರ 0.25 ಮಿಲಿಗ್ರಾಂ, ಇನ್ನು ನಾಲ್ಕು ವಾರ 0.5, ಆಮೇಲೆ 1, ನಂತರ 1.7. ಹೀಗೆ ಹತ್ತಿ 2.4ರ ಪೂರ್ಣ ಡೋಸ್ ಮುಟ್ಟುವುದೇ 17ನೇ ವಾರಕ್ಕೆ. ಮೊದಲಿನ ಆ 0.25 ಇರುವುದು ಹೊಟ್ಟೆ ಒಗ್ಗಿಕೊಳ್ಳಲಿ ಎಂದು, ತೂಕ ಇಳಿಸಲಿಕ್ಕಲ್ಲ. ಮೂರು ತಿಂಗಳಿಗೇ ಕೈಬಿಟ್ಟವರು ವಾಕರಿಕೆ, ವಾಂತಿ, ಮಲಬದ್ಧತೆಯ ಪಾಡನ್ನೆಲ್ಲ ಪಟ್ಟೂ ಪೂರ್ಣ ಡೋಸಿನ ಮುಖ ನೋಡಿರುವುದಿಲ್ಲ. ಮೌಂಜಾರೊ, ಅಂದರೆ ಟಿರ್ಜೆಪಟೈಡ್, ಕೂಡ ಹಾಗೇ: 2.5ರಿಂದ ಶುರುವಾಗಿ ನಿಧಾನಕ್ಕೆ 15ರವರೆಗೆ ಏರುತ್ತದೆ.

ನಿಲ್ಲಿಸಿದ ಮೇಲಿನ ಕಥೆ ಇನ್ನೂ ಮುಖ್ಯ. ಈ ಔಷಧಗಳು ಕೊಬ್ಬು ಕರಗಿಸುವುದಿಲ್ಲ. ಉಂಡ ಮೇಲೆ ಕರುಳು ಬಿಡುಗಡೆ ಮಾಡುವ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನು ಇವು ಮಾಡುತ್ತವೆ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನದನ್ನೂ ಮಾಡುತ್ತದೆ. ಹಸಿವು ತಗ್ಗುತ್ತದೆ, ಎರಡು ತುತ್ತಿಗೇ ಸಾಕೆನಿಸುತ್ತದೆ. ಸೂಜಿ ನಿಂತರೆ ಹಸಿವು ವಾಪಸ್, ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವ ಹಾಗೆ. ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 68 ವಾರ ಔಷಧ ಪಡೆದು ನಿಲ್ಲಿಸಿದವರಿಗೆ, ಇಳಿದ ತೂಕದ ಮೂರನೇ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿ ಬಂತು. 68 ವಾರ ತಗೊಂಡವರ ಗತಿಯೇ ಇದು. ಇನ್ನು ಮೂರು ತಿಂಗಳಿನವರದ್ದು?

ಮದುವೆಯ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಮಗು ಬೇಕೆಂದರೆ ಕನಿಷ್ಠ ಎರಡು ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೇ ತಗ್ಗಿಸಬಲ್ಲದು. ಮದುಮಗಳಿಗೆ ಇದನ್ನು ಹೇಳುವವರು ಯಾರು?

“ಎರಡರಲ್ಲಿ ಯಾವುದು ಜೋರು?” ಎಂದು ಕೇಳುತ್ತಾರೆ. 2025ರಲ್ಲಿ ಪ್ರಕಟವಾದ ನೇರ ಹೋಲಿಕೆಯಲ್ಲಿ 72 ವಾರಕ್ಕೆ ಟಿರ್ಜೆಪಟೈಡ್‌ನಿಂದ ಸರಾಸರಿ ಶೇ. 20.2, ಸೆಮಾಗ್ಲುಟೈಡ್‌ನಿಂದ ಶೇ. 13.7 ತೂಕ ಇಳಿಯಿತು. ಆದರೆ ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವಿನ ಅಪಾಯವನ್ನು ಶೇ. 20ರಷ್ಟು ತಗ್ಗಿಸಿದ್ದು ಸೆಮಾಗ್ಲುಟೈಡ್ ಎಂದು 2023ರ ಅಧ್ಯಯನ ತೋರಿಸಿದೆ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೆ ಬಿಟ್ಟದ್ದು.

 ಈ ಔಷಧ ಬರೀ ಐದಾರು ಕೆಜಿ ಇಳಿಸುವವರಿಗಲ್ಲ: ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಕನಿಷ್ಠ 30 ಇರಬೇಕು, ಇಲ್ಲವೇ ಕನಿಷ್ಠ 27 ಇದ್ದು ಶುಗರ್, ಬಿಪಿಯಂಥ ತೊಂದರೆ ಇರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 30 ಅಂದರೆ ಸುಮಾರು 77 ಕೆಜಿ.

2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ 2.5ರ ಒಂದು ವೈಲ್‌ಗೆ 3,500 ರೂಪಾಯಿ, ತಿಂಗಳಿಗೆ 14,000. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿದು ನಮ್ಮ ಕಂಪನಿಗಳಿಗೂ ದಾರಿ ತೆರೆದಿದೆ. ಬೆಲೆ ಇಳಿದಷ್ಟೂ ಈ ಭ್ರಮೆ ಹಳ್ಳಿಹಳ್ಳಿಗೆ ಹಬ್ಬುತ್ತದೆ ಎಂಬುದೇ ನನ್ನ ಚಿಂತೆ. ನಾಲ್ಕು ಕಡೆ ರೇಟು ವಿಚಾರಿಸದೆ ಒಂದು ಮೂಟೆ ಅಡಿಕೆ ಮಾರದವರು, ಯಾರದೋ ರೀಲ್ಸ್ ನೋಡಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಲು ತಯಾರಾಗುತ್ತಾರೆ.

ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತೇ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಎಷ್ಟು ವರ್ಷ ತಗೋಬೇಕು, ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಿ. ಇದಕ್ಕೆ ಉತ್ತರ ಕೊಡದೆ ಸೂಜಿ ಕೈಗೆತ್ತಿಕೊಳ್ಳುವವರ ಎದುರಿನಿಂದ ಎದ್ದು ಬನ್ನಿ.