ಬೋರ್ಡು ಇಳಿದ ಮೇಲೆ

ತೊಂಡೇಬಾವಿ ದೊಡ್ಡ ಊರೇನೂ ಅಲ್ಲ. ಬೆಂಗಳೂರಿನಿಂದ ಗೌರಿಬಿದನೂರಿನ ಮಾರ್ಗವಾಗಿ ಹಿಂದೂಪುರದತ್ತ ಸಾಗುವ ರೈಲಿಗೆ ಅದೊಂದು ನಿಲ್ದಾಣ. ಅಲ್ಲಿಯ ಸಿಮೆಂಟ್ ಕಾರ್ಖಾನೆಯಿಂದ ಹೊರಗಿನವರಿಗೂ ಪರಿಚಿತ. ಇಂಥ ಊರಿನಲ್ಲಿ ಗೃಹಸ್ಥರೊಬ್ಬರು ಹೆಸರಾಂತ ಕಂಪನಿಯೊಂದರೊಡನೆ ಫ್ರಾಂಚೈಸಿ ಕರಾರು ಮಾಡಿಕೊಂಡು ತಿಂಡಿಯ ಅಂಗಡಿ ತೆರೆದರೆನ್ನೋಣ. ಹತ್ತು ವರ್ಷ ಬೆವರು ಸುರಿಸಿ ಗಿರಾಕಿಗಳನ್ನು ಗಳಿಸಿದರು. ಕರಾರಿನ ಅವಧಿ ತೀರಿತು. ಮಳಿಗೆ ಅವರದು, ಒಲೆ ಅವರದು, ಗಿರಾಕಿಗಳ ಪರಿಚಯವೂ ಅವರದೇ. ಆದರೆ ಬಾಗಿಲ ಮೇಲಣ ಹೆಸರು ಯಾರದು?

ಕಾನೂನಿನ ಉತ್ತರ ತುಸು ಕಠೋರವಾದುದು: ಹೆಸರು ಕಂಪನಿಯದು. 1999ರ ಟ್ರೇಡ್ ಮಾರ್ಕ್ ಕಾಯಿದೆಯ 48ನೆಯ ಕಲಮಿನಂತೆ, ಅನುಮತಿ ಪಡೆದವನು ಮುದ್ರೆಯನ್ನು ಬಳಸಿದರೆ ಅದು ಒಡೆಯನೇ ಬಳಸಿದಂತೆ. ಆದ್ದರಿಂದ ಆ ಹೆಸರಿಗೆ ಅಂಟಿಬಂದ ಕೀರ್ತಿಯೂ ಒಡೆಯನಿಗೇ ಸಲ್ಲುತ್ತದೆ. ಕರಾರು ಮುಗಿದೊಡನೆ ಬೋರ್ಡು, ಪೊಟ್ಟಣ, ಬಿಲ್ ಪುಸ್ತಕ, ಜಾಹೀರಾತು ಎಲ್ಲದರಿಂದಲೂ ಅದು ಮರೆಯಾಗಬೇಕು. ತಪ್ಪಿದರೆ ಒಡೆಯನು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆಯನ್ನೂ, ನಷ್ಟ ಪರಿಹಾರವನ್ನು ಇಲ್ಲವೆ ಬಂದ ಲಾಭದ ಲೆಕ್ಕವನ್ನೂ ಕೇಳಬಹುದು.

ಹೆಸರಿಗಾಗಿ ದೊಡ್ಡವರೂ ಕಾದಾಡಿದ್ದುಂಟು. ಉತ್ತರ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹಗಳನ್ನು ನಡೆಸುತ್ತಿದ್ದ ಕನಾಟ್ ಪ್ಲಾಜಾ ಸಂಸ್ಥೆಯ ಪಾಲುದಾರ ವಿಕ್ರಮ್ ಬಕ್ಷಿಯವರಿಗೂ ಅಮೆರಿಕದ ಕಂಪನಿಗೂ ವೈಮನಸ್ಯ ಬೆಳೆಯಿತು. 2017ರ ಆಗಸ್ಟಿನಲ್ಲಿ ಕಂಪನಿಯು 169 ಅಂಗಡಿಗಳ ಕರಾರನ್ನು ರದ್ದುಗೊಳಿಸಿ, ತನ್ನ ಹೆಸರನ್ನು ಬಿಡಬೇಕೆಂದು ತಿಳಿಸಿತು. ವ್ಯಾಜ್ಯ ಮುಂದುವರಿಯಿತು, ಕಡೆಗೆ 2019ರ ಮೇ ತಿಂಗಳಿನಲ್ಲಿ ರಾಜಿಯಾಗಿ, ಬಕ್ಷಿಯವರ ಪಾಲನ್ನು ಕಂಪನಿಯ ಪಕ್ಷವೇ ಕೊಂಡುಕೊಂಡಿತು.

ಹಾಗಾದರೆ ಹೆಸರು ಕಳೆದುಕೊಂಡವನು ವ್ಯಾಪಾರವನ್ನೇ ಬಿಡಬೇಕೆ? ಬೇಕಿಲ್ಲ. 1872ರ ಕರಾರು ಕಾಯಿದೆಯ 27ನೆಯ ಕಲಮು, ಒಬ್ಬನ ನ್ಯಾಯವಾದ ವೃತ್ತಿಗೆ ಅಡ್ಡಬರುವ ಷರತ್ತನ್ನು ಸಾಮಾನ್ಯವಾಗಿ ಅಸಿಂಧುವೆನ್ನುತ್ತದೆ. ಆದರೆ ಅವಧಿ ತೀರುವ ಮುನ್ನಿನ ಮಾತು ಬೇರೆ. ಗುಜರಾತ್ ಬಾಟ್ಲಿಂಗ್ ಕಂಪನಿಯು ಕೋಕಾ ಕೋಲಾದ ಫ್ರಾಂಚೈಸಿಯಾಗಿದ್ದಾಗಲೇ ಅದರ ಷೇರುಗಳು ಪೆಪ್ಸಿಯ ಕಡೆಗೆ ಹೋದುವು. ಕರಾರು ಜಾರಿಯಲ್ಲಿರುವವರೆಗೆ ಪ್ರತಿಸ್ಪರ್ಧಿಯ ಪಾನೀಯವನ್ನು ತಯಾರಿಸಕೂಡದೆಂಬ ಷರತ್ತು ವ್ಯಾಪಾರಕ್ಕೆ ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟು 1995ರಲ್ಲಿ ಎತ್ತಿಹಿಡಿಯಿತು.

ಅಂದರೆ ನಮ್ಮ ಗೃಹಸ್ಥರು ಕರಾರು ಮುಗಿದ ಮರುದಿನ ಅದೇ ಮಳಿಗೆಯಲ್ಲಿ ಸ್ವಂತ ಹೆಸರಿನ ಬೋರ್ಡು ಹಾಕಿ ತಿಂಡಿ ಮಾರಬಹುದು. ಆದರೆ ಹಳೆಯ ಹೆಸರನ್ನು ಹೋಲುವ ಹೆಸರು, ಅದೇ ಬಣ್ಣ, ಅದೇ ಅಕ್ಷರಗಳಿಂದ ಗಿರಾಕಿಯನ್ನು ಭ್ರಮೆಗೊಳಿಸಕೂಡದು. ಕಂಪನಿ ಗುಟ್ಟಾಗಿ ತಿಳಿಸಿದ ಪಾಕವಿಧಾನವನ್ನೂ ಬಳಸಕೂಡದು.

ಆದುದರಿಂದ ಸಹಿಗೆ ಮೊದಲೇ ಕೊನೆಯ ಪುಟವನ್ನು ಓದುವುದು ಜಾಣತನ. ಮುಂಗಡ ಹಣ ಎಂದು ಹಿಂದಿರುಗುವುದು? ಉಳಿದ ಸರಕನ್ನು ಕಂಪನಿ ಕೊಳ್ಳುವುದೋ, ಮಾರಿ ಮುಗಿಸಲು ಕಾಲಾವಕಾಶವುಂಟೋ? ನೋಟೀಸಿನ ಅವಧಿ ಎಷ್ಟು? ವ್ಯಾಜ್ಯ ಚಿಕ್ಕಬಳ್ಳಾಪುರದಲ್ಲಿ ನಡೆಯುವುದೋ, ದೂರದ ದೆಹಲಿಯಲ್ಲೋ? ಇವುಗಳಿಗೆ ಬರವಣಿಗೆಯಲ್ಲಿ ಉತ್ತರವಿರಬೇಕು.

ಬಾಡಿಗೆ ಮನೆಯ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಮನೆ ಬಾಡಿಗೆದಾರನದಾಗದು. ಬಾಡಿಗೆಯ ಹೆಸರೂ ಹಾಗೆಯೇ. ಆದರೆ ಕೈಯ ರುಚಿ, ತೂಕದ ನಿಯತ್ತು, ಬಂದವರನ್ನು ಆದರಿಸುವ ನಗುಮುಖ – ಇವನ್ನು ಯಾವ ನೋಟೀಸೂ ಇಳಿಸಲಾರದು.