ತಂತ್ರಾಂಶದ ಸಂಪನ್ಮೂಲ ಕಡತಗಳೂ ಕನ್ನಡವೂ

ಒಂದು ನಾಟಕವನ್ನು ರಂಗಕ್ಕೆ ತರುವಾಗ ಪಾತ್ರಧಾರಿಗಳಲ್ಲದೆ ಪರದೆ, ಕಿರೀಟ, ಗದೆಗಳೂ ಬೇಕಾಗುವುವಷ್ಟೆ. ಅದರಂತೆಯೇ ಗಣಕಯಂತ್ರದ ತಂತ್ರಾಂಶಕ್ಕೂ ಕೆಲಸದ ಸೂಚನೆಗಳಲ್ಲದೆ ಬೇರೆ ಸಾಮಗ್ರಿಗಳು ಬೇಕು. ತೆರೆಯ ಮೇಲೆ ಕಾಣುವ ಮಾತುಗಳು, ಚಿತ್ರಗಳು, ಅಕ್ಷರರೂಪಗಳನ್ನು ಒಳಗೊಂಡ ಫಾಂಟುಗಳು, ಇವೆಲ್ಲವೂ ಸಂಪನ್ಮೂಲ ಕಡತಗಳೆನಿಸುತ್ತವೆ. ಇವುಗಳನ್ನು ಸೂಚನೆಗಳೊಡನೆ ಸೇರಿಸಿ ಒಂದು ಗಂಟಾಗಿ ಕಟ್ಟುವ ಕಾರ್ಯಕ್ಕೆ ಬಿಲ್ಡ್ ಎಂದು ಹೆಸರು. ಯಾರ ಗಮನವನ್ನೂ ಸೆಳೆಯದ ಈ ಕಾರ್ಯದಲ್ಲಿಯೇ ಕನ್ನಡದ ಅಕ್ಷರಗಳು ಕೆಡುವ ಸಂಭವ ಹೆಚ್ಚು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಬದಲಾಪುರದ ಒಂದು ಚಿಕ್ಕ ಪುಸ್ತಕಭಂಡಾರಕ್ಕೆ ಜಾವಾ ಭಾಷೆಯಲ್ಲಿ ತಂತ್ರಾಂಶವನ್ನು ರಚಿಸುತ್ತಿದ್ದೇವೆಂದು ಭಾವಿಸೋಣ. ಓದುಗರಲ್ಲಿ ಕನ್ನಡಿಗರೂ ಇರುವರು, ಮರಾಠಿಗರೂ ಇರುವರು. ‘ಪುಸ್ತಕವನ್ನು ಹಿಂದಿರುಗಿಸಿರಿ’ ಎಂಬ ವಾಕ್ಯವನ್ನು ಸೂಚನೆಗಳ ನಡುವೆಯೇ ಬರೆದುಬಿಟ್ಟರೆ ಮರಾಠಿಗಾಗಿ ಮತ್ತೊಂದು ತಂತ್ರಾಂಶವನ್ನೇ ಬರೆಯಬೇಕಾದೀತು. ಆದುದರಿಂದ ಪ್ರತಿ ಭಾಷೆಯ ಮಾತುಗಳನ್ನೂ ಪ್ರತ್ಯೇಕ ಕಡತದಲ್ಲಿಟ್ಟು, ಅದರ ಹೆಸರಿನ ಕೊನೆಗೆ ಭಾಷೆಯ ಗುರುತನ್ನು ಸೇರಿಸುವುದು ವಾಡಿಕೆ. ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’ ಎಂಬುವು ಅಂಗೀಕೃತ ಗುರುತುಗಳು.

ಕಟ್ಟುವ ಕೆಲಸವನ್ನು ಮೇವನ್ ಎಂಬ ಸಾಧನಕ್ಕೆ ಒಪ್ಪಿಸಬಹುದು. ಇದರ ಮೊದಲ ಆವೃತ್ತಿ 2004ರಲ್ಲಿ ಹೊರಬಂದಿತು. ‘ಮೇನ್’ ಎಂಬ ಫೋಲ್ಡರಿನೊಳಗೆ ‘ರಿಸೋರ್ಸಸ್’ ಎಂಬ ಫೋಲ್ಡರನ್ನು ಮಾಡಿ ಕಡತಗಳನ್ನು ಅಲ್ಲಿರಿಸಿದರೆ ಮೇವನ್ ತಾನಾಗಿಯೇ ಅವುಗಳನ್ನು ಪ್ರತಿಮಾಡಿಕೊಳ್ಳುತ್ತದೆ. ಬೇರೆ ಸ್ಥಳವನ್ನು ಸೂಚಿಸಬೇಕಾದರೆ ‘ಪಾಮ್’ ಎಂಬ ವಿನ್ಯಾಸಕಡತದಲ್ಲಿ ಬರೆಯತಕ್ಕದ್ದು. ಹಾಗೆ ಬರೆದೊಡನೆ ಹಳೆಯ ಸ್ಥಳ ಪಟ್ಟಿಯಿಂದ ಬಿದ್ದುಹೋಗುತ್ತದೆ. ಅದೂ ಬೇಕಾದಲ್ಲಿ ಅದನ್ನೂ ಹೆಸರಿಸಬೇಕು. ಅನೇಕರು ಎಡವುವುದು ಇಲ್ಲಿಯೇ.

ಮೇವನ್ನಿಗೆ ಇನ್ನೊಂದು ಸಾಮರ್ಥ್ಯವುಂಟು. ಕಡತದಲ್ಲಿ ಡಾಲರ್ ಚಿಹ್ನೆಯನ್ನಿಟ್ಟು, ಆವರಣದೊಳಗೆ ಒಂದು ಹೆಸರನ್ನು ಬರೆದರೆ, ಕಟ್ಟುವಾಗ ಅದರ ಬದಲಿಗೆ ತಂತ್ರಾಂಶದ ಆವೃತ್ತಿಸಂಖ್ಯೆಯೇ ಮೊದಲಾದ ನಿಜವಾದ ಮೌಲ್ಯವನ್ನು ತುಂಬುತ್ತದೆ. ಇದಕ್ಕೆ ಫಿಲ್ಟರಿಂಗ್ ಎಂದು ಹೆಸರು. ನಾವು ಕೇಳಿದಲ್ಲದೆ ಇದು ನಡೆಯದು. ಹಿಂದೆ ಪ್ರಯಾಣಿಕರು ಇಲ್ಲಿ ಕುದುರೆಗಳನ್ನು ಬದಲಿಸುತ್ತಿದ್ದುದರಿಂದ ನಮ್ಮ ಊರಿಗೆ ಈ ಹೆಸರು ಬಂದಿತೆಂಬ ಪ್ರತೀತಿಯಿದೆ. ಮಾತುಗಳ ಪ್ರಯಾಣದಲ್ಲಿ ಫಿಲ್ಟರಿಂಗ್ ಅಂಥದೇ ಒಂದು ಬದಲಾಪುರ!

ಆದರೆ ಎಲ್ಲವನ್ನೂ ಬದಲಿಸಹೋದರೆ ಅನರ್ಥವಾಗುತ್ತದೆ. ಕನ್ನಡ ಫಾಂಟನ್ನು ಅದೇ ಫೋಲ್ಡರಿನಲ್ಲಿಟ್ಟೆವೆನ್ನಿರಿ. ಫಾಂಟು ಓದುವ ಬರಹವಲ್ಲ. ಅದನ್ನು ಬರಹವೆಂದು ಭ್ರಮಿಸಿ ಓದಿ ಮತ್ತೆ ಬರೆಯುವಾಗ ಅದರೊಳಗಿನ ಅಂಕೆಗಳು ಕೆಟ್ಟುಹೋಗುತ್ತವೆ. ಆದರೂ ಬಿಲ್ಡ್ ಯಶಸ್ವಿಯೆಂದು ಸಾರಲೂಬಹುದು. ತೆರೆಯ ಮೇಲೆ ಅಕ್ಷರಗಳಿಗೆ ಬದಲಾಗಿ ಖಾಲಿ ಚೌಕಗಳು ಕಾಣಿಸಬಹುದು. ಜೆಪೆಗ್, ಜಿಫ್ ಮೊದಲಾದ ಚಿತ್ರಗಳಿಗೆ ಮೇವನ್ ತಾನೇ ವಿನಾಯಿತಿ ಕೊಟ್ಟಿದೆ, ಫಾಂಟುಗಳಿಗೆ ಕೊಟ್ಟಿಲ್ಲ. ಆದುದರಿಂದ ಫಾಂಟುಗಳನ್ನು ಫಿಲ್ಟರಿಂಗ್ ಇಲ್ಲದ ಬೇರೊಂದು ಫೋಲ್ಡರಿನಲ್ಲಿಡುವುದು ಲೇಸು.

ಇನ್ನು ಅಕ್ಷರಗಳ ವಿಷಯ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾಯರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ಒದಗಿಸಿದರು. 1991ರಲ್ಲಿ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಹೀಗೆ ಬರೆಯುವ ತೊಡಕು ಬಹುಮಟ್ಟಿಗೆ ನೀಗಿತು, ಸಾಗಿಸುವ ತೊಡಕು ಉಳಿಯಿತು. ಯುನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯುಟಿಎಫ್-8 ಪದ್ಧತಿಯಲ್ಲಿ ಅದು ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ಐರೋಪ್ಯ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-1 ಪದ್ಧತಿಯಲ್ಲಿ ಒಂದು ಬೈಟಿಗೆ ಒಂದೇ ಅಕ್ಷರ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಓದಿದರೆ ನಮ್ಮ ಒಂದು ‘ಕ’ ಮೂರು ಅಪರಿಚಿತ ಚಿಹ್ನೆಗಳಾಗಿ ಒಡೆಯುತ್ತದೆ. 2017ರಲ್ಲಿ ಜಾವಾದ 9ನೆಯ ಆವೃತ್ತಿ ಬರುವವರೆಗೆ ಇಂಥ ಮಾತಿನ ಕಡತಗಳನ್ನು ಲ್ಯಾಟಿನ್-1 ಎಂದೇ ಓದಲಾಗುತ್ತಿತ್ತು. ಕನ್ನಡದ ಪ್ರತಿ ಅಕ್ಷರವನ್ನೂ ಸಂಕೇತಸಂಖ್ಯೆಯಾಗಿ ಪರಿವರ್ತಿಸಿ ಇಡಬೇಕಾಗಿತ್ತು. ಕಾಗುಣಿತದ ಒಂದು ತಪ್ಪನ್ನು ಆ ಸಂಖ್ಯೆಗಳ ಕಾಡಿನಲ್ಲಿ ಹುಡುಕಿ ತಿದ್ದುವುದೆಂದರೆ ಅದೊಂದು ತಪಸ್ಸೇ ಸರಿ! 9ನೆಯ ಆವೃತ್ತಿಯಿಂದ ಯುಟಿಎಫ್-8 ರೂಢಿಗೆ ಬಂದಿದೆ. ಆದರೂ ಪಾಮ್ ಕಡತದಲ್ಲಿ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಬರೆಯದಿದ್ದಲ್ಲಿ ಫಿಲ್ಟರಿಂಗ್ ಸಮಯದಲ್ಲಿ ಜಾವಾದ ಹಳೆಯ ಆವೃತ್ತಿಗಳಲ್ಲಿ ಆಯಾ ಯಂತ್ರದ ರೂಢಿಯ ಪದ್ಧತಿಯೇ ಬಳಕೆಗೆ ಬಂದು, ಕಲ್ಯಾಣದಲ್ಲಿ ಸರಿಯಾಗಿ ಕಟ್ಟಿದ ತಂತ್ರಾಂಶ ಡೊಂಬಿವಲಿಯಲ್ಲಿ ಕೆಡಬಹುದು.

ಕನ್ನಡದ ಕಡತವೇ ಗಂಟಿನಲ್ಲಿ ಸೇರದೆ ಹೋದರೆ ಏನಾಗುವುದು? ಜಾವಾ ಮೊದಲು ಯಂತ್ರದ ಸ್ವಂತ ಭಾಷೆಯನ್ನು ವಿಚಾರಿಸುತ್ತದೆ. ಯಂತ್ರವನ್ನು ಮರಾಠಿಗೆ ಹೊಂದಿಸಿದ್ದರೆ, ಕನ್ನಡವನ್ನು ಕೇಳಿದವರಿಗೆ ಮರಾಠಿಯ ಮಾತುಗಳು ಕಾಣುತ್ತವೆ. ಮರಾಠಿಯೂ ಇಲ್ಲದಿದ್ದರೆ ಯಾವ ಗುರುತೂ ಇಲ್ಲದ ಮೂಲಕಡತ, ಅಂದರೆ ಸಾಮಾನ್ಯವಾಗಿ ಇಂಗ್ಲಿಷು. ಕನ್ನಡ ಕಡತವಿದ್ದು ಅದರಲ್ಲಿ ಒಂದು ವಾಕ್ಯ ಮಾತ್ರ ಇಲ್ಲದಿದ್ದರೆ, ಆ ಒಂದು ವಾಕ್ಯವಷ್ಟೇ ಮೂಲಕಡತದಿಂದ ಬರುತ್ತದೆ. ಎರಡು ಸಂದರ್ಭಗಳಲ್ಲಿಯೂ ದೋಷಸೂಚನೆಯಿರುವುದಿಲ್ಲ. ಆದುದರಿಂದ ಕಟ್ಟಿದ ಗಂಟನ್ನು ಬಿಚ್ಚಿ ‘ಕೆಎನ್’ ಕಡತ ಒಳಗಿದೆಯೇ ಎಂದು ನೋಡಿ, ಬಳಿಕ ಮರಾಠಿಗೆ ಹೊಂದಿಸಿದ ಬೇರೊಂದು ಯಂತ್ರದಲ್ಲಿ ಕನ್ನಡವನ್ನು ಆಯ್ದು ನಡೆಸಿ ನೋಡತಕ್ಕದ್ದು.